ಚೌಕಾಬಾರದ ಮನೆಗಳೂ ಮಕ್ಕಳ ಲೆಕ್ಕವೂ

ಗಣಿತವೆಂದೊಡನೆ ಮಗುವಿನ ಮುಖ ಬಾಡುವ ಮನೆಗಳು ನಮ್ಮಲ್ಲಿ ಅನೇಕ. ಪರಿಚಯದ ತಾಯಂದಿರು ಬಂದು, “ಶಾಸ್ತ್ರಿಗಳೇ, ನಮ್ಮ ಹುಡುಗಿಗೆ ಲೆಕ್ಕವೊಂದು ತಲೆಗೆ ಹತ್ತುವುದಿಲ್ಲ; ನನಗೂ ಹತ್ತಲಿಲ್ಲ” ಎನ್ನುತ್ತಾರೆ. ಆ ಹುಡುಗಿ ಪಕ್ಕದಲ್ಲಿಯೇ ನಿಂತು ಕೇಳುತ್ತಿರುತ್ತಾಳೆ. ಎಂಟನೆಯ ವಯಸ್ಸಿನಲ್ಲಿ ಕೇಳಿದ ಈ ತೀರ್ಪನ್ನು ಹದಿನಾರನೆಯ ವಯಸ್ಸಿನಲ್ಲಿ ತಾನೇ ಒಪ್ಪಿಕೊಂಡು, ಗಣಿತವಿರುವ ವ್ಯಾಸಂಗದತ್ತ ತಿರುಗಿಯೂ ನೋಡದ ಹೆಣ್ಣುಮಕ್ಕಳನ್ನು ನಾನು ಬಲ್ಲೆ. ಆದರೆ ಅದೇ ತಾಯಿ, ನೂರು ಜನರ ಪ್ರಸಾದಕ್ಕೆ ಎಷ್ಟು ಅಕ್ಕಿ, ಎಷ್ಟು ಬೇಳೆ ಬೇಕೆಂಬುದನ್ನು ಕಾಗದ ಮುಟ್ಟದೆ ಹೇಳಬಲ್ಲರು. ಇದು ಲೆಕ್ಕವಲ್ಲದೆ ಮತ್ತೇನು?

ಮನೆಯಲ್ಲಿ ಗಣಿತಾಭ್ಯಾಸಕ್ಕೆ ಹೊಸ ಪುಸ್ತಕ ಬೇಕಿಲ್ಲ. ಒಂದು ಸೀಮೆಸುಣ್ಣದ ತುಂಡು, ನಾಲ್ಕು ಕವಡೆ ಸಾಕು. ಚೌಕಾಬಾರದ ಪಟದಲ್ಲಿ ಸಾಲಿಗೆ ಐದರಂತೆ ಐದು ಸಾಲು, ಒಟ್ಟು 25 ಮನೆಗಳು. ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ ಒಂದು. ತನ್ನ ಕಟ್ಟೆಯಿಂದ ಹೊರಟ ಕಾಯಿ ಹಣ್ಣಾಗಲು 24 ಹೆಜ್ಜೆ ಇಡಬೇಕು. ಒಂದು ಕವಡೆ ಬಾಯ್ತೆರೆದು ಬಿದ್ದರೆ ಒಂದು, ಎರಡಕ್ಕೆ ಎರಡು, ಮೂರಕ್ಕೆ ಮೂರು, ನಾಲ್ಕೂ ತೆರೆದರೆ ಚೌಕ, ನಾಲ್ಕೂ ಬೋರಲಾದರೆ ಎಂಟು, ಅದೇ ಬಾರ. ಐದು, ಆರು, ಏಳು ಒಂದೇ ಸಲಕ್ಕೆ ಬೀಳುವಂತೆಯೇ ಇಲ್ಲ. ಆದುದರಿಂದ ಮುಂದಿರುವ ಕಾಯಿ ಏಳು ಮನೆ ದೂರದಲ್ಲಿದ್ದರೆ ಅದನ್ನು ಹೊಡೆಯಲು ನಾಲ್ಕೂ ಮೂರೂ ಬೇಕೋ, ಮೂರು ಎರಡು ಎರಡು ಸಾಕೋ ಎಂದು ಮಗು ತಾನಾಗಿಯೇ ಸಂಖ್ಯೆಯನ್ನು ಒಡೆದು ಕೂಡಿಸುತ್ತದೆ. “ಏಳನ್ನು ಬಿಡಿಸಿ ಬರೆ” ಎಂದು ಪಾಟಿಯ ಮುಂದೆ ಕೂರಿಸಿದರೆ ಅಳುವ ಮಗುವೇ ಇದು!

ದೊಡ್ಡ ಮಕ್ಕಳಿಗೆ ಇನ್ನೊಂದು ಕೆಲಸ ಕೊಡಬಹುದು. ನಾಲ್ಕು ನಾಣ್ಯಗಳನ್ನು ನೂರು ಸಲ ಎಸೆದು, ಎಷ್ಟು ಸಲ ಎರಡು ಮುಖ ಮೇಲಾದವು, ಎಷ್ಟು ಸಲ ನಾಲ್ಕೂ ಮೇಲಾದವು ಎಂದು ಗೆರೆ ಎಳೆದು ಗುರುತಿಸಲಿ. ನಾಲ್ಕು ನಾಣ್ಯ ಬೀಳುವ ಬಗೆಗಳು 16. ಅವುಗಳಲ್ಲಿ ಎರಡು ಮೇಲಾಗುವ ಬಗೆ ಆರು, ನಾಲ್ಕೂ ಮೇಲಾಗುವ ಬಗೆ ಒಂದೇ. ನಂತರ ಕವಡೆಯನ್ನು ಹಾಗೆಯೇ ಎಸೆಯಲಿ. ಕವಡೆಯ ಬೆನ್ನೂ ಬಾಯಿಯೂ ಸಮವಲ್ಲದ ಕಾರಣ ಫಲ ಬೇರೆಯಾಗಬಹುದು. ಏಕೆಂದು ಅವರೇ ತರ್ಕಿಸಲಿ. ನೀವು ಅವಸರಪಟ್ಟು ಹೇಳಬೇಡಿ.

ಅಟ್ಟದ ಮೇಲೆ ಅಳಗುಳಿಮಣೆ ಇದ್ದರೆ ಇಳಿಸಿರಿ. ಹದಿನಾಲ್ಕು ಗುಳಿಗೆ ನಾಲ್ಕರಂತೆ ಹುಣಿಸೆ ಬೀಜ ಹಾಕಿದರೆ 56, ಐದರಂತಾದರೆ 70. ಮಗ್ಗಿ ಕಣ್ಣೆದುರಿಗೇ ಇದೆ.

ಅಜ್ಜ ಅಜ್ಜಿಯರಿಗೆ ನನ್ನದೊಂದು ಅರಿಕೆ. 1957ರಲ್ಲಿ ದಶಮಾನ ನಾಣ್ಯ ಬರುವ ಮುನ್ನ ರೂಪಾಯಿಗೆ ಹದಿನಾರು ಆಣೆ ಇದ್ದಿತು. ಅದಕ್ಕಾಗಿಯೇ ಕಾಲು, ಅರೆ, ಮುಕ್ಕಾಲು ಮಗ್ಗಿಗಳು ಆ ಪೀಳಿಗೆಯವರಿಗೆ ಬಾಯಿಪಾಠವಾಗಿದ್ದವು. ಆಣೆ ಹೋಯಿತು, ಅದರೊಡನೆ ಆ ಮಗ್ಗಿಗಳೂ ಹೋದುದು ನಷ್ಟವೆಂದೇ ನನ್ನ ಅಭಿಪ್ರಾಯ. ಸಂತೆಯಲ್ಲಿ ಕಿಲೋ ಈರುಳ್ಳಿಗೆ 36 ರೂಪಾಯಿ ಎಂದರೆ, ಮುಕ್ಕಾಲು ಕಿಲೋಗೆ ಎಷ್ಟೆಂದು ಮೊಮ್ಮಗನನ್ನು ಕೇಳಿರಿ. ಅರೆಗೆ 18, ಕಾಲಿಗೆ 9, ಕೂಡಿದರೆ 27. ಅವನ ಕೈ ಮೊಬೈಲಿನತ್ತ ಹೋಗುವ ಮೊದಲು ನೀವು ಬೆರಳು ಮಡಿಸಿ ತೋರಿಸಿರಿ. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ಕನ್ನಡದಲ್ಲಿ ‘ವ್ಯವಹಾರಗಣಿತ’ವೆಂಬ ಗ್ರಂಥವನ್ನು ರಚಿಸಿದನು, ಅದರ ಹೆಸರಿನಲ್ಲಿಯೇ ವ್ಯವಹಾರವಿದೆ.

ಆಟವಿದ್ದರೆ ಮಗ್ಗಿ ಬೇಡವೆನ್ನುವವರ ಪಕ್ಷ ನನ್ನದಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಹತ್ತು ನಿಮಿಷ ಮಗ್ಗಿ ಒಪ್ಪಿಸಲಿ; ಆಟ ಅದರ ನಂತರ. ಆಟಕ್ಕೆ ಹಣ ಒಡ್ಡುವುದು ಮಾತ್ರ ಸರ್ವಥಾ ಕೂಡದು. ದೊಡ್ಡವರು ಬೇಕೆಂದೇ ಸೋಲುವುದೂ ಬೇಡ, ಮಕ್ಕಳಿಗೆ ಅದು ಬೇಗ ತಿಳಿದುಬಿಡುತ್ತದೆ. ಮಗು ಎಣಿಕೆಯಲ್ಲಿ ತಪ್ಪಿ ಒಂದು ಮನೆ ಹೆಚ್ಚು ನಡೆಸಿದರೆ “ದಡ್ಡಿ” ಎನ್ನದೆ, “ಯಾವ ಮನೆಯಿಂದ ಎಣಿಸಿದೆಯವ್ವಾ?” ಎಂದು ಕೇಳಿರಿ. ನಿಂತ ಮನೆಯನ್ನೇ ಒಂದೆಂದು ಎಣಿಸಿರುತ್ತಾಳೆ. ಇನ್ನೊಮ್ಮೆ ಎಣಿಸಲು ಬಿಡಿ, ಉಳಿದವರು ಕಾಯಲಿ.