ಅಗ್ಗವಾದರೆ ಸಹಾಯಧನವೇಕೆ?

ಉದ್ಯಮ ಸಂಘಟನೆಯೊಂದರ ಅಧ್ಯಕ್ಷರೇ ತಮ್ಮ ಸದಸ್ಯ ಕಂಪನಿಗಳ ಮಾತನ್ನು ಒಪ್ಪಲಾಗದೆ ಹುದ್ದೆ ಬಿಡುವುದು ಅಪರೂಪ. ಬಿಟ್ಟರೂ ಅದನ್ನು ಒಬ್ಬ ವ್ಯಕ್ತಿಯ ನೈತಿಕ ಸಾಹಸವೆಂದು ಹೊಗಳಿಯೋ, ವ್ಯಾಪಾರದ ಲೆಕ್ಕಾಚಾರವೆಂದು ಹಳಿದೋ ಮುಗಿಸಿಬಿಡುವುದೇ ರೂಢಿ. 2021ರ ಆಗಸ್ಟ್‌ನಲ್ಲಿ ಬ್ರಿಟನ್ ಸರ್ಕಾರದ ಹೈಡ್ರೋಜನ್ ಕಾರ್ಯನೀತಿ ಪ್ರಕಟವಾಗುವ ಹೊಸ್ತಿಲಲ್ಲಿ ಯುಕೆ ಹೈಡ್ರೋಜನ್ ಅಂಡ್ ಫ್ಯುಯೆಲ್ ಸೆಲ್ ಅಸೋಸಿಯೇಷನ್ನಿನ ಅಧ್ಯಕ್ಷ ಸ್ಥಾನಕ್ಕೆ ಕ್ರಿಸ್ ಜಾಕ್ಸನ್ ನೀಡಿದ ರಾಜೀನಾಮೆ ಈ ಎರಡು ಬಗೆಯ ತೀರ್ಪಿಗಿಂತ ಹೆಚ್ಚಿನದನ್ನು ಬೇಡುತ್ತದೆ. ಏಕೆಂದರೆ ಅವರು ಬಿಟ್ಟುಹೋದ ಹುದ್ದೆಗಿಂತ ಅವರು ಎತ್ತಿದ ಪ್ರಶ್ನೆಯೇ ದೊಡ್ಡದು: ನೀಲಿ ಹೈಡ್ರೋಜನ್ ಅಗ್ಗವೆಂದು ತೈಲ ಕಂಪನಿಗಳು ಹೇಳುವುದು ನಿಜವಾದರೆ, ಅದಕ್ಕೆ ದಶಕಗಳ ಕಾಲ ಸರ್ಕಾರದ ಸಹಾಯಧನ ಏಕೆ ಬೇಕು?

ಬಣ್ಣವಿಲ್ಲದ ಈ ಅನಿಲಕ್ಕೆ ಅಂಟಿಸಿರುವ ಬಣ್ಣಗಳು ಅದನ್ನು ತಯಾರಿಸುವ ದಾರಿಯನ್ನು ಸೂಚಿಸುತ್ತವೆ. ನೈಸರ್ಗಿಕ ಅನಿಲದ ಮುಖ್ಯ ಅಂಶವಾದ ಮೀಥೇನನ್ನು ಬಿಸಿ ಹಬೆಯೊಂದಿಗೆ ವರ್ತಿಸುವಂತೆ ಮಾಡಿ ಹೈಡ್ರೋಜನ್ ಪಡೆದು, ಜೊತೆಗೆ ಹುಟ್ಟುವ ಇಂಗಾಲದ ಡೈಆಕ್ಸೈಡನ್ನು ಗಾಳಿಗೆ ಬಿಟ್ಟರೆ ಅದು ಬೂದು; ಒಂದು ಕಿಲೋ ಹೈಡ್ರೋಜನ್ನಿಗೆ ಇಲ್ಲಿ ಸುಮಾರು 9ರಿಂದ 10 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅದನ್ನು ಹಿಡಿದು ನೆಲದಾಳದಲ್ಲಿ ಹೂತಿಡುವುದಾದರೆ ಅದೇ ಹೈಡ್ರೋಜನ್ ನೀಲಿ ಎನಿಸಿಕೊಳ್ಳುತ್ತದೆ. ಗಾಳಿ, ಬಿಸಿಲುಗಳ ವಿದ್ಯುತ್ತಿನಿಂದ ನೀರನ್ನು ವಿಭಜಿಸಿ ಪಡೆದದ್ದು ಹಸಿರು. ಜಗತ್ತು 2023ರಲ್ಲಿ ಬಳಸಿದ ಸುಮಾರು 9.7 ಕೋಟಿ ಟನ್ ಹೈಡ್ರೋಜನ್ನಿನಲ್ಲಿ ಕಡಿಮೆ ಇಂಗಾಲದ್ದೆಂದು ಎಣಿಸಬಹುದಾದದ್ದು 10 ಲಕ್ಷ ಟನ್ನನ್ನೂ ಮುಟ್ಟಿರಲಿಲ್ಲ.

ಜಾಕ್ಸನ್ ಆಗ ಹಸಿರು ಹೈಡ್ರೋಜನ್ ಯೋಜನೆಗಳನ್ನು ನಡೆಸುವ ಪ್ರೋಟಿಯಮ್ ಕಂಪನಿಯ ಮುಖ್ಯಸ್ಥರಾಗಿದ್ದರು, ಆದುದರಿಂದ ನೀಲಿಯನ್ನು ಜರೆಯುವುದರಲ್ಲಿ ಅವರಿಗೆ ಲಾಭವಿತ್ತು ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಅದೇ ತಕ್ಕಡಿಯಲ್ಲಿ, ತಮ್ಮ ಬಾವಿಗಳಿಗೆ ಇನ್ನೂ ಹಲವು ದಶಕಗಳ ಗಿರಾಕಿಯನ್ನು ಹುಡುಕುತ್ತಿರುವ ತೈಲ ಕಂಪನಿಗಳ ಲಾಭವನ್ನೂ ತೂಗಬೇಕು. ಹಿತಾಸಕ್ತಿ ಇಬ್ಬರಿಗೂ ಇದೆ ಎಂದಮೇಲೆ ವಾದವನ್ನು ತೀರ್ಮಾನಿಸಬೇಕಾದದ್ದು ಅಳತೆ, ವಾದಿಗಳ ವೃತ್ತಿಯಲ್ಲ.

ಅಳತೆಯ ವಿಷಯಕ್ಕೆ ಬಂದರೆ ನೀಲಿ ಹೈಡ್ರೋಜನ್ನಿನ ದೌರ್ಬಲ್ಯವಿರುವುದು ಕಾರ್ಖಾನೆಯ ಚಿಮಣಿಯಲ್ಲಷ್ಟೇ ಅಲ್ಲ, ಬಾವಿಯಿಂದ ಕಾರ್ಖಾನೆಯವರೆಗಿನ ಹಾದಿಯುದ್ದಕ್ಕೂ ಸೋರುವ ಮೀಥೇನಿನಲ್ಲಿ. 20 ವರ್ಷಗಳ ಅವಧಿಗೆ ಲೆಕ್ಕ ಹಾಕಿದರೆ ಈ ಅನಿಲ ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟಿಗೂ ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಜಾಕ್ಸನ್ ರಾಜೀನಾಮೆ ನೀಡಿದ ತಿಂಗಳಲ್ಲೇ ಪ್ರಕಟವಾದ ಅಧ್ಯಯನವೊಂದರಲ್ಲಿ ರಾಬರ್ಟ್ ಹಾವರ್ತ್ ಮತ್ತು ಮಾರ್ಕ್ ಜೇಕಬ್‌ಸನ್, ಶಾಖಕ್ಕಾಗಿ ನೈಸರ್ಗಿಕ ಅನಿಲವನ್ನೇ ನೇರವಾಗಿ ಉರಿಸುವುದಕ್ಕಿಂತ ನೀಲಿ ಹೈಡ್ರೋಜನ್ನಿನ ಹಸಿರುಮನೆ ಪರಿಣಾಮ ಶೇ 20ಕ್ಕೂ ಹೆಚ್ಚು ಎಂದು ವಾದಿಸಿದರು. ಅವರು ಶೇ 3.5ರಷ್ಟು ಸೋರಿಕೆಯನ್ನು ಆಧಾರವಾಗಿ ಇಟ್ಟುಕೊಂಡದ್ದು ಅತಿಯಾಯಿತೆಂದೂ, ಸೋರಿಕೆ ತೀರಾ ಕಡಿಮೆಯಿದ್ದು ಇಂಗಾಲವನ್ನು ಹಿಡಿಯುವ ಪ್ರಮಾಣ ಹೆಚ್ಚಿದ್ದರೆ ನೀಲಿಯೂ ಹಸಿರಿನ ಹತ್ತಿರಕ್ಕೆ ಬರಬಲ್ಲದೆಂದೂ ಬೇರೆ ವಿಜ್ಞಾನಿಗಳು ಉತ್ತರಿಸಿದರು. ನೀಲಿಯ ಪರ ನಿಂತವರು ಈ ಉತ್ತರವನ್ನು ತಮ್ಮ ಗೆಲುವೆಂದು ಭಾವಿಸಿದರೆ ಅದು ಅವಸರವೇ ಸರಿ, ಏಕೆಂದರೆ ಉತ್ತರದ ತಿರುಳೆಲ್ಲ ಅದರೊಳಗಿನ ‘ಇದ್ದರೆ’ ಎಂಬ ಷರತ್ತಿನಲ್ಲಿದೆ. ನಾರ್ವೆಯಿಂದ ಕೊಳವೆಯಲ್ಲಿ ಬರುವ ಅನಿಲಕ್ಕೂ ಅಮೆರಿಕದಿಂದ ದ್ರವವಾಗಿ ಹಡಗೇರಿ ಬರುವ ಅನಿಲಕ್ಕೂ ಸೋರಿಕೆಯ ಲೆಕ್ಕ ಒಂದೇ ಆಗಲಾರದು. ಆ ಲೆಕ್ಕವನ್ನು ಮಾರುವವರ ಕೈಗೇ ಬಿಟ್ಟು ಬೊಕ್ಕಸ ತೆರೆಯುವುದು ನೀತಿಯಲ್ಲ, ಉದಾರತನ.

ಹಸಿರಿನ ಪಕ್ಷದವರೂ ಬೆಲೆಯ ಪ್ರಶ್ನೆಯಿಂದ ನುಣುಚಿಕೊಳ್ಳುವಂತಿಲ್ಲ. 2023ರ ಡಿಸೆಂಬರ್‌ನಲ್ಲಿ ಬ್ರಿಟನ್ ಆಯ್ದ 11 ವಿದ್ಯುದ್ವಿಭಜನಾ ಯೋಜನೆಗಳ ಒಟ್ಟು ಸಾಮರ್ಥ್ಯ 125 ಮೆಗಾವಾಟ್. ಅವುಗಳಿಗೆ ಒಪ್ಪಂದದ ಮೂಲಕ ಖಾತರಿಪಡಿಸಿದ ಸರಾಸರಿ ದರ ಪ್ರತಿ ಮೆಗಾವಾಟ್-ಗಂಟೆಗೆ 241 ಪೌಂಡ್. ಇಷ್ಟು ದುಬಾರಿಯಾದ ವಸ್ತುವನ್ನು ಎಲ್ಲಿ ಬಳಸಬೇಕೆಂಬುದನ್ನು ಮೊದಲು ನಿರ್ಧರಿಸಬೇಕಿತ್ತು. ಬದಲಿಗೆ ಮನೆಗಳ ಬಾಯ್ಲರುಗಳಲ್ಲಿ ಹೈಡ್ರೋಜನ್ ಉರಿಸುವ ಪ್ರಯೋಗಕ್ಕೆ ಊರುಗಳನ್ನು ಹುಡುಕಲಾಯಿತು. ವಿಟ್ಬಿಯ ನಿವಾಸಿಗಳ ವಿರೋಧದಿಂದಾಗಿ 2023ರ ಜುಲೈನಲ್ಲಿ ಅಲ್ಲಿನ ಯೋಜನೆ ಬಿದ್ದುಹೋಯಿತು, ಅದೇ ವರ್ಷದ ಕೊನೆಯಲ್ಲಿ ರೆಡ್‌ಕಾರ್‌ನ ಯೋಜನೆಯೂ ನಿಂತಿತು. ಅದೇ ವಿದ್ಯುತ್ತಿನಿಂದ ಹೀಟ್ ಪಂಪ್, ಅಂದರೆ ಹೊರಗಾಳಿಯ ಶಾಖವನ್ನು ಒಳಗೆ ಎಳೆದು ತರುವ ಯಂತ್ರ, ಹಲವು ಪಟ್ಟು ಹೆಚ್ಚು ಬಿಸಿ ಕೊಡುತ್ತದೆಂಬುದು ಎಂಜಿನಿಯರುಗಳಿಗೆ ಹೊಸ ಸಂಗತಿಯೇನಲ್ಲ. ಗೊಬ್ಬರ, ತೈಲ ಶುದ್ಧೀಕರಣ, ಉಕ್ಕುಗಳಂಥ ಬೇರೆ ದಾರಿ ಕಾಣದ ಉದ್ಯಮಗಳಿಗೆ ಮೀಸಲಾಗಬೇಕಿದ್ದ ಅನಿಲವನ್ನು ಅಡುಗೆಮನೆಯ ಒಲೆಗೂ ಹಂಚುತ್ತೇವೆಂಬ ಭರವಸೆಯಿಂದ ಹೆಚ್ಚು ಲಾಭವಿದ್ದದ್ದು ಅನಿಲ ಕೊಳವೆ ಜಾಲದ ಒಡೆಯರಿಗೆ. ಇತ್ತ ನೀಲಿಯ ಮಾರುಕಟ್ಟೆಯೂ ತಾನಾಗಿ ಬೆಳೆಯಲಿಲ್ಲ: ನಾರ್ವೆಯ ಈಕ್ವಿನಾರ್ 2024ರಲ್ಲಿ ಜರ್ಮನಿಗೆ ಹೈಡ್ರೋಜನ್ ಸಾಗಿಸುವ ಕೊಳವೆಯ ಯೋಜನೆಯನ್ನು ವೆಚ್ಚ ಮತ್ತು ಗಿರಾಕಿಗಳ ಕೊರತೆಯ ಕಾರಣ ನೀಡಿ ಕೈಬಿಟ್ಟಿತು.

ಭಾರತದಲ್ಲಿ 2023ರ ಜನವರಿಯಲ್ಲಿ ₹19,744 ಕೋಟಿಯ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್ ಅನುಮೋದನೆ ಪಡೆದಾಗ ಈ ನೀಲಿ-ಹಸಿರು ಜಗಳ ಹುಟ್ಟಲೇ ಇಲ್ಲ. ಒಂದು ಕಿಲೋ ಹೈಡ್ರೋಜನ್ನಿಗೆ 2 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದದ್ದನ್ನು ಮೀರದಷ್ಟು ಹೊರಸೂಸುವಿಕೆ ಎಂಬ ಮಾನದಂಡವೂ ಬಂತು. ಮಂಗಳೂರಿನ ಎಂಆರ್‌ಪಿಎಲ್‌ನಂಥ ಶುದ್ಧೀಕರಣಾಗಾರಗಳಿಗೆ ಇದು ತಕ್ಕ ಹಾದಿಯೇ. ಆದರೆ 2022ರ ಹಸಿರು ಹೈಡ್ರೋಜನ್ ನೀತಿ ನಿಗದಿತ ಗಡುವಿನೊಳಗೆ ಶುರುವಾಗುವ ಸ್ಥಾವರಗಳಿಗೆ ಅಂತರರಾಜ್ಯ ವಿದ್ಯುತ್ ಸಾಗಣೆ ಶುಲ್ಕವನ್ನು 25 ವರ್ಷಗಳ ಕಾಲ ಮನ್ನಾ ಮಾಡಿದೆ. ಹಗಲಿನ ಸೌರವಿದ್ಯುತ್ತನ್ನು ಜಾಲಕ್ಕೆ ಜಮಾ ಮಾಡಿ 30 ದಿನಗಳೊಳಗೆ ಯಾವ ಹೊತ್ತಿನಲ್ಲಾದರೂ ಹಿಂದಕ್ಕೆ ಪಡೆಯಲೂ ಅವಕಾಶ ಕೊಟ್ಟಿದೆ, ಅಂದರೆ ಕಲ್ಲಿದ್ದಲೇ ಜಾಲವನ್ನು ನಡೆಸುವ ರಾತ್ರಿಯಲ್ಲೂ ಕಾಗದದ ಮೇಲೆ ವಿದ್ಯುತ್ ಹಸಿರಾಗಿಯೇ ಉಳಿಯುತ್ತದೆ. ಬ್ರಿಟನ್ನಿನ ತೈಲ ಕಂಪನಿಗಳಿಗೆ ಜಾಕ್ಸನ್ ಕೇಳಿದ ಪ್ರಶ್ನೆಯನ್ನು ಇಲ್ಲಿ ಹಸಿರು ಕಂಪನಿಗಳಿಗೇ ಕೇಳಬೇಕಾಗಿದೆ. ಆ 25 ವರ್ಷಗಳ ಸಾಗಣೆ ಶುಲ್ಕ ಜಾಲದ ಉಳಿದ ಬಳಕೆದಾರರ ಬಿಲ್ಲಿಗೆ ಎಷ್ಟರಮಟ್ಟಿಗೆ ಸೇರುತ್ತದೆಂಬುದನ್ನು ಇಂಧನ ಸಚಿವಾಲಯ ವರ್ಷ ವರ್ಷವೂ ಪ್ರಕಟಿಸಬೇಕು.