ನರ್ಸಬಾಯಿಯ ಪರೀಕ್ಷೆ ಯಾರ ಪರೀಕ್ಷೆ?

ಬಯಲುಸೀಮೆಯಲ್ಲಿ 5,000 ಜನಕ್ಕೊಂದು ಉಪಕೇಂದ್ರ, 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಇದು ಸರಕಾರವೇ ಹಾಕಿಕೊಂಡ ಲೆಕ್ಕ. ಯಲವಿಗಿಯಂಥ ಊರುಗಳ ಸುತ್ತಿನಲ್ಲಿ ಉಪಕೇಂದ್ರದ ಭಾರ ಬೀಳುವುದು ಎ.ಎನ್.ಎಂ. ಕಲಿತ ಹೆಣ್ಣುಮಗಳ ಮೇಲೆ. ಆಕೆಯ ಶಿಕ್ಷಣ 2 ವರ್ಷದ್ದು, ಜಿ.ಎನ್.ಎಂ. ಆದರೆ 3 ವರ್ಷದ್ದು. ಪರೀಕ್ಷೆ ಪಾಸಾಗಿ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿದ ಮೇಲೆ ಆಕೆ ಕೆಲಸಕ್ಕೆ ಅರ್ಹಳು. ಆ ಪರೀಕ್ಷೆ ಏನನ್ನು ಅಳೆಯಬೇಕು? ಈ ಪ್ರಶ್ನೆ ಹುಡುಗಿಯರಿಗಷ್ಟೇ ಸೇರಿದ್ದಲ್ಲ. ದವಾಖಾನೆಯ ಮಂಚದ ಮೇಲೆ ಮಲಗುವವರು ನಮ್ಮ ಹೆಂಡಿರು, ಮಕ್ಕಳು.

ಒಂದು ಉದಾಹರಣೆ ನೋಡೋಣ. ಹೆರಿಗೆಯಾಗಿ ಒಂದು ತಾಸು ಕಳೆದಿದೆ. ಬಾಣಂತಿಯ ರಕ್ತದೊತ್ತಡ 110/70. ಪುಸ್ತಕ ಬಾಯಿಪಾಠ ಮಾಡಿದವಳು ‘ಒತ್ತಡ ಸರಿಯಿದೆ’ ಎಂದು ಬರೆದು ಮುಂದಿನ ಮಂಚಕ್ಕೆ ಹೋದಾಳು. ಆದರೆ ಆಗ 80 ಇದ್ದ ನಾಡಿ ಈಗ 115, ಕೈಕಾಲು ತಣ್ಣಗಾಗಿವೆ. ಹರೆಯದ ಮೈ ರಕ್ತ ಕಳೆದುಕೊಂಡರೂ ರಕ್ತನಾಳಗಳನ್ನು ಬಿಗಿಹಿಡಿದು, ಹೃದಯವನ್ನು ಓಡಿಸಿ, ಒತ್ತಡವನ್ನು ಕೆಲಹೊತ್ತು ಕಾಯ್ದುಕೊಳ್ಳುತ್ತದೆ. ಒತ್ತಡ ಬಿದ್ದ ಮೇಲೆ ಎಚ್ಚರಾದರೆ ಕಾಲ ಮಿಂಚಿರುತ್ತದೆ. ವಿವೇಕವುಳ್ಳವಳು ಬಟ್ಟೆ ಸರಿಸಿ ರಕ್ತ ನೋಡುತ್ತಾಳೆ, ಗರ್ಭಕೋಶ ಮೆತ್ತಗಾಗಿದ್ದರೆ ತಿಕ್ಕಿ ಗಟ್ಟಿಮಾಡುತ್ತಾಳೆ, ಡಾಕ್ಟರನ್ನು ಕರೆಯಿಸುತ್ತಾಳೆ, ಆಕ್ಸಿಟೋಸಿನ್ ಸಿದ್ಧ ಮಾಡುತ್ತಾಳೆ, ಮತ್ತೆ ಮತ್ತೆ ನಾಡಿ ಹಿಡಿಯುತ್ತಾಳೆ. ಓದು ಇಬ್ಬರದೂ ಒಂದೇ. ಒಂದು ಜೀವ ಉಳಿದದ್ದು ವಿವೇಕದಿಂದ.

ಅಮೆರಿಕದಲ್ಲಿ ಇಂಥ ನರ್ಸುಗಳ ಪರವಾನಗಿ ಪರೀಕ್ಷೆಯನ್ನು 2023ರ ಏಪ್ರಿಲಿನಲ್ಲಿ ಇದೇ ಕಾರಣಕ್ಕೆ ಬದಲಿಸಿದರು. ರೋಗಿಯೊಬ್ಬನ ಸಂಗತಿಯನ್ನು ಮುಂದಿಟ್ಟು ಆರು ಮೆಟ್ಟಿಲಲ್ಲಿ ಕೇಳುತ್ತಾರೆ: ಯಾವ ಲಕ್ಷಣ ಮುಖ್ಯ? ಅದರ ಅರ್ಥವೇನು? ಯಾವುದು ಮೊದಲು ನೋಡತಕ್ಕದ್ದು? ಏನೇನು ಮಾಡಬಹುದು? ಈಗ ಮಾಡುವುದೇನು? ಮಾಡಿದ್ದು ಫಲಿಸಿತೇ? ಇದನ್ನು ಕಲಿಸಲು ಡಾಲರು ಬೇಕಿಲ್ಲ. ರೋಗಿಯ ಮಂಚ ಬೇಕು, ಪಕ್ಕದಲ್ಲಿ ನಿಂತು ‘ಯಾಕೆ?’ ಎಂದು ಕೇಳುವ ಗುರು ಬೇಕು.

ನಮ್ಮ ಭಾಷೆಯೂ ಬೇಕು. ತುಂಬಿದ ಬಸುರಿ ‘ತಲಿ ಸಿಡೀತೈತ್ರಿ, ಕಣ್ಣು ಮಂಜಾಗ್ಯಾವ’ ಎನ್ನುತ್ತಾಳೆ. ಅದು ಬರಲಿರುವ ಸೆಳವಿನ ಮುನ್ಸೂಚನೆಯಿರಬಹುದೆಂದು ಅರಿತು ಕೂಡಲೇ ರಕ್ತದೊತ್ತಡ ನೋಡಬೇಕಾದವಳಿಗೆ ಇಂಗ್ಲಿಷಿನ ರೋಗನಾಮವೊಂದೇ ಕಲಿಸಿದರೆ ಸಾಲದು.

ವಿವೇಕಕ್ಕೆ ವೇಳೆಯೂ ಬೇಕು. ಗಿರಣಿಯ ಬಂಧುಗಳಿಗೆ ಇದನ್ನು ಹೇಳಬೇಕಾಗಿಲ್ಲ. ಎರಡು ಮಗ್ಗ ನೋಡುವವನಿಗೆ ಆರು ಮಗ್ಗ ವಹಿಸಿದರೆ ಹರಿದ ಎಳೆ ಅವನ ಕಣ್ಣಿಗೆ ಬೀಳುವುದಿಲ್ಲ. ಒಬ್ಬ ನರ್ಸಬಾಯಿಗೆ ವಾರ್ಡಿನ ಮಂಚಗಳನ್ನೆಲ್ಲ ವಹಿಸಿ, ಅನಾಹುತವಾದಾಗ ಅವಳೊಬ್ಬಳನ್ನೇ ಅಮಾನತು ಮಾಡುವುದು ನ್ಯಾಯವಲ್ಲ.

1947ರ ನರ್ಸಿಂಗ್ ಕೌನ್ಸಿಲ್ ಕಾಯದೆಯ ಬದಲಿಗೆ 2023ರಲ್ಲಿ ಸಂಸತ್ತು ಹೊಸ ಕಾಯದೆ ಮಾಡಿತು. ಕಾಗದದ ಕಾಯದೆ ಮಂಚದ ಬಳಿಗೆ ಬರಬೇಕಾದರೆ ಮೂರು ಕೆಲಸವಾಗಲಿ: ರೋಗಿಗಳಿಲ್ಲದ ಶಾಲೆಗೆ ಮಾನ್ಯತೆ ಬೇಡ, ಪರೀಕ್ಷೆಯಲ್ಲಿ ಬಾಯಿಪಾಠಕ್ಕಿಂತ ರೋಗಿಯ ಸಂಗತಿಗೆ ಹೆಚ್ಚು ಅಂಕ ಇರಲಿ, ಖಾಲಿ ಹುದ್ದೆ ತುಂಬಲಿ.

ಸಾಲ ಮಾಡಿ ಮಗಳನ್ನು ನರ್ಸಿಂಗ್ ಶಾಲೆಗೆ ಸೇರಿಸುವ ಕೂಲಿಕಾರ ಬಂಧುಗಳೇ, ಅಂಗಡಿಕಾರ ಮಿತ್ರರೇ, ಫೀಯಿನ ಲೆಕ್ಕ ಕೇಳುವ ಮುಂಚೆ ಇದನ್ನು ಕೇಳಿರಿ: ‘ನಮ್ಮ ಹುಡುಗಿ ಎಷ್ಟು ಹೆರಿಗೆಯನ್ನು ಕೈಯಾರೆ ಮಾಡಿಸಿ ಹೊರಬೀಳುತ್ತಾಳೆ?’ ಉತ್ತರ ಕೊಡದ ಶಾಲೆಗೆ ಹಣ ಕಟ್ಟಬೇಡಿರಿ.