ವಕೀಲರ ತಪ್ಪಿಗೆ ಕಕ್ಷಿಗಾರನು ತೆರುವ ದಂಡ

‘ವ್ಯಾಜ್ಯದಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆಯನ್ನು ನಮ್ಮ ಗೃಹಸ್ಥರೆಲ್ಲರೂ ಬಲ್ಲರು. ಆದರೆ ತನ್ನ ವಕೀಲರು ವಾಯಿದೆಯ ದಿನ ಬಾರದೆ ಹೋದುದರಿಂದಲೇ ದಾವೆಯು ಕೆಟ್ಟವನ ಗತಿಯೇನು? ತಪ್ಪು ಒಬ್ಬರದು, ಖರ್ಚು ಮತ್ತೊಬ್ಬನದು. ಅಂಥವನು ಹಣೆಯಬರಹವೆಂದು ಸುಮ್ಮನಿರಬೇಕಾದುದಿಲ್ಲವೆಂಬುದನ್ನು ಈ ತಿಂಗಳು ವಾಚಕರಲ್ಲಿ ಅರಿಕೆಮಾಡಬಯಸುತ್ತೇವೆ.

1981ರಲ್ಲಿ ಇಂಥದೊಂದು ಪ್ರಕರಣವು ಸುಪ್ರೀಂ ಕೋರ್ಟಿಗೆ ಬಂದಿತು. ವಕೀಲರು ಗೈರುಹಾಜರಾಗಿದ್ದಾಗ ಹೈಕೋರ್ಟಿನಲ್ಲಿ ಒಬ್ಬನ ಅಪೀಲು ತೀರ್ಮಾನವಾಗಿಹೋಗಿತ್ತು. ವಕೀಲರನ್ನು ಗೊತ್ತುಮಾಡಿ ಫೀಜು ಕೊಟ್ಟ ಮೇಲೆ, ಅವರು ಹಾಜರಾದರೇ ಇಲ್ಲವೇ ಎಂದು ಕಾವಲು ಕಾಯುವುದು ಕಕ್ಷಿಗಾರನ ಕೆಲಸವಲ್ಲವೆಂದು ನ್ಯಾಯಾಧೀಶರು ಹೇಳಿ, ಅಪೀಲನ್ನು ಪುನಃ ವಿಚಾರಣೆಗೆ ಕಳುಹಿಸಿದರು. ಎದುರುಪಕ್ಷಕ್ಕೆ ಸಲ್ಲತಕ್ಕ 200 ರೂಪಾಯಿ ಖರ್ಚನ್ನು ಬಾರದ ವಕೀಲರಿಂದಲೇ ವಸೂಲುಮಾಡಬೇಕೆಂದರು. 2000ದಲ್ಲಿ ವಕೀಲರ ಮುಷ್ಕರದಿಂದ ಏಕಪಕ್ಷೀಯ ಡಿಕ್ರಿಯಾದ ಇನ್ನೊಂದು ಪ್ರಕರಣದಲ್ಲಿ, ಡಿಕ್ರಿಯನ್ನು ರದ್ದುಗೊಳಿಸಲು ಕಟ್ಟಬೇಕಾದ 5,000 ರೂಪಾಯಿಗಳಲ್ಲಿ ಅರ್ಧವನ್ನು ತನ್ನ ವಕೀಲರಿಂದ ಪಡೆಯಲು ಕಕ್ಷಿಗಾರನಿಗೆ ಅದೇ ಕೋರ್ಟು ಅನುಮತಿಯಿತ್ತಿತು. ಆದರೂ ಈ ಅನುಗ್ರಹವು ಎಲ್ಲರಿಗೂ ದೊರೆಯುವುದೆಂದು ನೆಚ್ಚತಕ್ಕದ್ದಲ್ಲ.

ನಷ್ಟವು ದೊಡ್ಡದಾಗಿದ್ದರೆ, ವಕೀಲರ ಅಲಕ್ಷ್ಯಕ್ಕಾಗಿ ಸಿವಿಲ್ ಕೋರ್ಟಿನಲ್ಲಿ ಅವರ ಮೇಲೆ ದಾವೆ ಹೂಡಬಹುದು. ವಕೀಲರೆಂಬ ಕಾರಣದಿಂದ ಅವರಿಗೆ ವಿನಾಯಿತಿಯಿಲ್ಲವೆಂದು 1926ರ ಕಾಯಿದೆಯೇ ಹೇಳುತ್ತದೆ. ದುರ್ನಡತೆಯ ವಿಷಯದಲ್ಲಿ ರಾಜ್ಯದ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಪರಿಷತ್ತು ಛೀಮಾರಿ ಹಾಕಬಹುದು, ವೃತ್ತಿಯಿಂದ ಕೆಲಕಾಲ ದೂರವಿಡಬಹುದು, ಹೆಸರನ್ನೇ ಪಟ್ಟಿಯಿಂದ ತೆಗೆಯಬಹುದು. ಆದರೆ ಕಳೆದ ಹಣವನ್ನು ತುಂಬಿಕೊಡುವುದು ಅದರ ಕೆಲಸವಲ್ಲ. ಗ್ರಾಹಕರ ನ್ಯಾಯಸ್ಥಾನದ ಬಾಗಿಲಂತೂ 2024ರ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಮುಚ್ಚಿದೆ.

ಎಲ್ಲಕ್ಕಿಂತ ಮೊದಲು ಕೆಟ್ಟ ದಾವೆಯನ್ನು ಉಳಿಸಿಕೊಳ್ಳಬೇಕು. ಏಕಪಕ್ಷೀಯ ಡಿಕ್ರಿಯನ್ನು ರದ್ದುಗೊಳಿಸಲು ಸಾಧಾರಣವಾಗಿ ಡಿಕ್ರಿಯ ತಾರೀಖಿನಿಂದ 30 ದಿನಗಳೊಳಗೆ ಅರ್ಜಿ ಕೊಡತಕ್ಕದ್ದು. ವಕೀಲರನ್ನು ಬದಲಿಸುವಾಗ, ಫೀಜು ಬಾಕಿಯಿದೆಯೆಂದು ಹಳೆಯ ವಕೀಲರು ಕಾಗದಪತ್ರಗಳನ್ನು ತಡೆಹಿಡಿಯಲಾಗದು. ಇದೂ 2000ದಲ್ಲಿ ಇತ್ಯರ್ಥವಾದ ಮಾತು.

ಆದರೆ ಸೋತ ಮಾತ್ರಕ್ಕೆ ವಕೀಲರನ್ನು ದೂಷಿಸುವುದು ನ್ಯಾಯವಲ್ಲ. ಶ್ರಮವಹಿಸಿ ವಾದಿಸಿಯೂ ಸೋಲುವುದುಂಟು. ಸಾಕ್ಷಿಗಳನ್ನು ತರದ ತಪ್ಪು ನಮ್ಮದೂ ಆಗಿರಬಹುದು. ಆದಕಾರಣ ಗೃಹಸ್ಥನು ಫೀಜಿನ ರಸೀತಿ, ತಾನು ಬರೆದ ಪತ್ರಗಳ ನಕಲು, ಪ್ರತಿ ವಾಯಿದೆಯ ತಾರೀಖು, ಇವಿಷ್ಟನ್ನು ಒಂದು ಕಟ್ಟಿನಲ್ಲಿ ಜೋಪಾನವಾಗಿಡಲಿ. ತಪ್ಪು ಯಾರದೆಂದು ನ್ಯಾಯಾಧೀಶರು ಕೇಳುವ ದಿನ, ಅವನ ಅಳಲಿಗಿಂತ ಆ ಕಟ್ಟಿನ ಮಾತೇ ಹೆಚ್ಚು ನಡೆಯುವುದು.